ಮಳೆಗಾಲದ ಭಟ್ಕಳ, ಕಲ್ಲಿನ ಮಾಡು

ಭಟ್ಕಳದ ಹಳೇ ಗುಡಿಗಳನ್ನು ನೋಡುವ ಮನಸ್ಸಿದ್ದರೆ ಜುಲೈ, ಆಗಸ್ಟ್ ತಿಂಗಳಲ್ಲಿ ಹೋಗಿ. ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುವುದು. "ಆ ಮಳೆಯಲ್ಲಾ?" ಅಂತ ಹೆಚ್ಚಿನವರು ಹುಬ್ಬೇರಿಸುತ್ತಾರೆ. ಹೌದು, ಆ ಮಳೆಯಲ್ಲೇ. ಕರಾವಳಿಯ ಆ ಭಾಗಕ್ಕೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅಲ್ಲಿ ಗುಡಿ ಕಟ್ಟಿದವರು ಮೊದಲು ಯೋಚಿಸಿದ್ದು ಆ ನೀರಿನ ಬಗ್ಗೆ. ಬೇಸಿಗೆಯಲ್ಲಿ ಹೋದರೆ ಕಲ್ಲು ಕಾಣುತ್ತದೆ, ಕೆತ್ತನೆ ಕಾಣುತ್ತದೆ. ಅವರ ಯೋಚನೆ ಕಾಣುವುದಿಲ್ಲ.

ನಾನು ಶಿರಸಿಯವನು. ಮನೆಗಳ ನಕ್ಷೆ ಹಾಕುವುದು, ಕಟ್ಟಿಸಿಕೊಡುವುದು ನನ್ನ ಕೆಲಸ. ಶಾಸನ ಓದಲು ಬರುವುದಿಲ್ಲ. ಆದರೆ ಮಾಡಿನ, ಅಂದರೆ ಚಾವಣಿಯ, ಇಳಿಜಾರು ಎಷ್ಟಿದ್ದರೆ ನೀರು ನಿಲ್ಲುವುದಿಲ್ಲ, ಸೂರು ಎಷ್ಟು ಹೊರಗೆ ಬಂದರೆ ಗೋಡೆ ನೆನೆಯುವುದಿಲ್ಲ ಅನ್ನುವುದು ನನ್ನ ದಿನನಿತ್ಯದ ಲೆಕ್ಕ. ಮಲೆನಾಡಿನಲ್ಲಿ ಮನೆ ಕಟ್ಟುವುದು ಅಂದರೆ ಅರ್ಧ ಕೆಲಸ ಮಾಡಿನದ್ದೇ. ಹಾಗಾಗಿ ಯಾವ ಕಟ್ಟಡ ನೋಡಿದರೂ ನನ್ನ ಕಣ್ಣು ಮೊದಲು ಮೇಲೆ ಹೋಗುತ್ತದೆ. ಹಳೇ ಗುಡಿಗಳನ್ನು ನೋಡಲು ಆ ಅಭ್ಯಾಸವೇ ನನಗೆ ದಾರಿಯಾಯಿತು. ನಾನು ಹೇಗೆ ನೋಡುತ್ತೇನೆ, ಏನು ಕಂಡೆ ಅಂತ ಬರೆದಿಡುವುದು ಒಳ್ಳೆಯದು ಅನಿಸಿತು.

ಶುರುವಾದದ್ದು ಬನವಾಸಿಯಿಂದ. ಶಿರಸಿಯಿಂದ ಸುಮಾರು 23 ಕಿಲೋಮೀಟರ್. ನಮ್ಮ ಕಡೆಯವರಿಗೆ ಅದು ಪ್ರವಾಸವೇ ಅಲ್ಲ, ಮನೆಗೆ ನೆಂಟರು ಬಂದರೆ ಕರೆದುಕೊಂಡು ಹೋಗುವ ಜಾಗ. ಮಧುಕೇಶ್ವರ ದೇವಸ್ಥಾನದಲ್ಲಿ ಎಲ್ಲರೂ ನೋಡುವುದು ದೊಡ್ಡ ನಂದಿಯನ್ನು. ಅದರ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಾರ್ವತಿಯ ಕಡೆ ಅಂತ ತೋರಿಸುತ್ತಾರೆ. ಆಮೇಲೆ ಕಲ್ಲಿನ ಮಂಚ. ಆಮೇಲೆ ಕನ್ನಡಿ ಹೊಳಪಿನ ಕಂಬಗಳು. ನಾನೂ ಬಹಳ ಕಾಲ ಅಷ್ಟನ್ನೇ ನೋಡಿದ್ದು.

ಆದರೆ ಆ ಗುಡಿಯನ್ನು ನಿಧಾನವಾಗಿ ನೋಡಿದರೆ ಅದು ಒಂದೇ ಕಾಲದ್ದಲ್ಲ ಅಂತ ಗೊತ್ತಾಗುತ್ತದೆ. ಒಳಗಿನ ಗರ್ಭಗುಡಿಯ ಭಾಗ ತೀರಾ ಸರಳ. ಅಲ್ಲಿ ಅಲಂಕಾರ ಅನ್ನುವುದೇ ಕಡಿಮೆ. ಹೊರಗೆ ಬರುತ್ತಾ ಬರುತ್ತಾ ಕೆಲಸ ಜಾಸ್ತಿಯಾಗುತ್ತದೆ. ಸಭಾಮಂಟಪದ ಕಂಬಗಳು ಲೇತಿನಲ್ಲಿ ತಿರುಗಿಸಿ ತೆಗೆದಷ್ಟು ನುಣುಪು, ಅದು ಕಲ್ಯಾಣ ಚಾಲುಕ್ಯರ ಕಾಲದ ಶೈಲಿ. ಇನ್ನೂ ಮೇಲಿನ ಪದರ ಶಿರಸಿ ಹತ್ತಿರದ ಸೋದೆಯ ಅರಸರದ್ದು. ಕಲ್ಲಿನ ಮಂಚ ಅವರ ಕೊಡುಗೆ. ಕದಂಬರು 4ನೇ ಶತಮಾನದಲ್ಲಿ ರಾಜಧಾನಿ ಮಾಡಿಕೊಂಡ ಊರು ಅದು. ಅದಕ್ಕೂ ಮೊದಲಿನದು ದೇವಸ್ಥಾನದಲ್ಲೇ ಇರುವ ನಾಗರ ಕಲ್ಲು. ಐದು ಹೆಡೆಯ ಹಾವು, ಅಂಚಿನಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ. ಚುಟು ವಂಶದ ಒಬ್ಬ ರಾಜಕುಮಾರಿ ಕೊಟ್ಟ ದಾನದ ವಿಷಯ ಅದರಲ್ಲಿದೆ. ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ಇನ್ನೊಂದು. ಕೆತ್ತಿದವನ ಹೆಸರೂ ಅಲ್ಲಿದೆ. ನಟಕ. ಅವನ ಗುರುವಿನ ಹೆಸರೂ ಇದೆ. ಕೆಲಸಗಾರನ ಹೆಸರು ಅಷ್ಟು ಹಳೇ ಕಲ್ಲಿನಲ್ಲಿ ಉಳಿದಿದೆಯಲ್ಲ, ಕಟ್ಟುವ ಕೆಲಸದಲ್ಲಿರುವ ನನಗೆ ಅದು ದೊಡ್ಡ ವಿಷಯ.

ಬನವಾಸಿಯಲ್ಲಿ ಒಂದು ಆಷಾಢದ ಮಳೆಗೆ ಸಭಾಮಂಟಪದಲ್ಲಿ ಸಿಕ್ಕಿಹಾಕಿಕೊಂಡೆ. ವರದಾ ಹೊಳೆ ತುಂಬಿತ್ತು. ಮಂಟಪದ ಸುತ್ತ ಕೂರಲು ಕಲ್ಲಿನ ಜಗಲಿ ಇದೆ, ಒರಗಿಕೊಳ್ಳಲು ಇಳಿಜಾರು ಬೆನ್ನು ಇದೆ. ಅದನ್ನು ಕಕ್ಷಾಸನ ಅನ್ನುತ್ತಾರೆ. ಅಲ್ಲೇ ಕೂತೆ. ಮಳೆ ಸುರಿಯುತ್ತಿದೆ, ನಾನು ಕೂತ ಜಾಗ ಒಣಗಿಯೇ ಇದೆ. ಮಂಟಪ ಸುತ್ತಲೂ ತೆರೆದದ್ದು. ಆದರೂ ಒದ್ದೆಯಿಲ್ಲ. ಎದ್ದು ನೋಡಿದೆ. ಕಲ್ಲಿನ ಸೂರು ಹೊರಕ್ಕೆ ಚಾಚಿ ಕೆಳಕ್ಕೆ ಬಾಗಿದೆ. ನೀರು ಅದರ ತುದಿಯಿಂದ ಬೀಳುತ್ತದೆ. ಜಗಲಿಯ ಬೆನ್ನಿಗೂ ಆ ನೀರಿಗೂ ನಡುವೆ ಒಳ್ಳೇ ಅಂತರ ಉಂಟು. ನಾನು ಮನೆ ನಕ್ಷೆಯಲ್ಲಿ ಹಾಕುವ ಲೆಕ್ಕವನ್ನೇ ಅವರು ಕಲ್ಲಿನಲ್ಲಿ ಹಾಕಿದ್ದರು. ಅಲ್ಲಿಂದ ಮುಂದೆ ಗುಡಿ ನೋಡುವ ನನ್ನ ಕ್ರಮವೇ ಬದಲಾಯಿತು.

ಈಗ ನಾನು ಮಾಡುವುದು ಹೀಗೆ. ಯಾವುದೇ ಹಳೇ ಕಟ್ಟಡಕ್ಕೆ ಹೋದರೂ ಮೊದಲು ಒಳಗೆ ಹೋಗುವುದಿಲ್ಲ. ಹೊರಗೆ ಪೂರ್ತಿ ಒಂದು ಸುತ್ತು ಹಾಕುತ್ತೇನೆ. ಫೋನ್ ಕಿಸೆಯಲ್ಲೇ ಇರುತ್ತದೆ. ಫೋಟೋ ತೆಗೆಯಲು ಶುರು ಮಾಡಿದರೆ ಕಣ್ಣು ಚೆಂದದ ಮೂಲೆಗಳನ್ನು ಹುಡುಕುತ್ತದೆ, ಕಟ್ಟಡವನ್ನು ನೋಡುವುದಿಲ್ಲ. ಎರಡನೇ ಸುತ್ತಿನಲ್ಲಿ ನೀರನ್ನು ಹಿಂಬಾಲಿಸುತ್ತೇನೆ. ನೆತ್ತಿಯ ಮೇಲೆ ಬಿದ್ದ ಹನಿ ಎಲ್ಲಿ ಇಳಿಯುತ್ತದೆ, ಎಲ್ಲಿ ತಿರುಗುತ್ತದೆ, ನೆಲದ ಮೇಲೆ ಎಲ್ಲಿ ಬೀಳುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ. ಮಳೆಯಿದ್ದರೆ ಇದೆಲ್ಲ ಕಣ್ಣೆದುರೇ ನಡೆಯುತ್ತದೆ. ಮಳೆ ನಿಂತಿದ್ದರೂ ಹಾವಸೆ, ಅಂದರೆ ಪಾಚಿ, ಹೇಳುತ್ತದೆ. ಎಲ್ಲಿ ನೀರು ತಂಗುತ್ತದೋ ಅಲ್ಲಿ ಕಲ್ಲು ಹಸಿರು, ಎಲ್ಲಿ ಬೇಗ ಹರಿದು ಹೋಗುತ್ತದೋ ಅಲ್ಲಿ ಬೂದು. ಮೂರನೆಯದಾಗಿ ಹೆಜ್ಜೆಯಲ್ಲಿ ಅಳೆದು ಒಂದು ಕಚ್ಚಾ ನಕ್ಷೆ ಬರೆಯುತ್ತೇನೆ. ಟೇಪು ಬೇಡ. ಅಂಕಣ (ಕಂಬಗಳ ನಡುವಿನ ಜಾಗ) ಎಷ್ಟು, ಕಂಬ ಎಷ್ಟು, ಬಾಗಿಲು ಎಲ್ಲಿ, ಅಷ್ಟು ಸಾಕು. ಚಿತ್ರ ಬರೆಯಲು ಬಾರದವರೂ ಇದನ್ನು ಮಾಡಬಹುದು. ಬರೆಯಬೇಕಾದರೆ ಕಂಬ ಎಣಿಸಲೇಬೇಕು, ಎಣಿಸಬೇಕಾದರೆ ನೋಡಲೇಬೇಕು.

ಹೀಗೆ ನೋಡುವುದು ರೂಢಿಯಾದ ಮೇಲೆಯೇ ನಾನು ಭಟ್ಕಳಕ್ಕೆ ಹೋದದ್ದು. ಒಬ್ಬನೇ ಹೋಗಲಿಲ್ಲ. ನನ್ನ ಜೊತೆ ಮಾಡಿನ ಕೆಲಸ ಮಾಡುವ ಆಚಾರ್ರನ್ನು ಕರೆದುಕೊಂಡು ಹೋದೆ. ವಯಸ್ಸಾದವರು, ಹಂಚಿನ ಮಾಡು ಕಟ್ಟುವುದರಲ್ಲಿ ಕೈ ಪಳಗಿದವರು. ನನಗೆ ಸಿಕ್ಕ ಅತ್ಯಂತ ಒಳ್ಳೆಯ ಗೈಡ್ ಅವರೇ. ಭಟ್ಕಳದ ಬಗ್ಗೆ ಅವರಿಗೆ ಮೊದಲು ಏನೂ ಗೊತ್ತಿರಲಿಲ್ಲ.

ಊರಿನ ವಿಷಯ ಸ್ವಲ್ಪ ಹೇಳಬೇಕು. ಇವತ್ತು ಭಟ್ಕಳ ಅಂದರೆ ಹೆದ್ದಾರಿ, ಪೇಟೆ, ಮಲ್ಲಿಗೆ, ಬಿರಿಯಾನಿ. ಮುರುಡೇಶ್ವರಕ್ಕೆ ಹೋಗುವವರು ಕಾರು ನಿಲ್ಲಿಸದೆ ದಾಟಿ ಹೋಗುತ್ತಾರೆ. ಆದರೆ ವಿಜಯನಗರದ ಕಾಲದಲ್ಲಿ ಇದು ದೊಡ್ಡ ಬಂದರು. ಶರಾಬಿ ಹೊಳೆಯ ದಡದಲ್ಲಿ ಅರಬ್ ಕುದುರೆಗಳು ಇಳಿಯುತ್ತಿದ್ದವು. ಘಟ್ಟದ ಮೇಲಿನ ಕಾಳುಮೆಣಸು ಇಲ್ಲಿಂದ ಹಡಗು ಹತ್ತುತ್ತಿತ್ತು. ಹಾಡುವಳ್ಳಿಯ ಸಾಳುವ ಅರಸರು ಜೈನರು, ಅವರ ಕೈಯಲ್ಲಿ ಈ ಬಂದರಿತ್ತು. ವ್ಯಾಪಾರಕ್ಕೆ ಬಂದ ಅರಬರ ಪರಂಪರೆಯ ನವಾಯತರು ಇಲ್ಲೇ ನೆಲೆ ನಿಂತರು. 1502ರಲ್ಲಿ ವಾಸ್ಕೋ ಡ ಗಾಮ ಬಂದು ಬೆದರಿಸಿ ಅಕ್ಕಿಯ ಕಪ್ಪ ಹೇರಿದ. ಇಂಗ್ಲಿಷ್ ವ್ಯಾಪಾರಿಗಳೂ ಬಂದರು. ಅವರಲ್ಲಿ ಮೂವರ ಸಮಾಧಿಗಳು ಊರಲ್ಲಿ ಈಗಲೂ ಇವೆ, 1637, 1638ರ ಕಾಲದವು. ಇಷ್ಟು ಹಣ, ಇಷ್ಟು ಜನ ಓಡಾಡಿದ ಊರಿನಲ್ಲಿ ಗುಡಿಗಳು ಸಾಲು ಸಾಲಾಗಿ ಎದ್ದದ್ದು ಸಹಜ. ಕೇತಪೈ ನಾರಾಯಣ, ಅಡಿಕೆ ನಾರಾಯಣ, ಲಕ್ಷ್ಮೀನಾರಾಯಣ, ರಘುನಾಥ, ವಿರೂಪಾಕ್ಷ, ಪಾರ್ಶ್ವನಾಥ ಬಸದಿ, ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಕೆಲವದರಲ್ಲಿ ಕಟ್ಟಿಸಿದವರ ಹೆಸರೇ ದೇವರ ಹೆಸರಿನ ಜೊತೆ ಸೇರಿಕೊಂಡಿದೆ.

ಮೊದಲು ಹೋದದ್ದು ಮುಡಭಟ್ಕಳದ ಕೇತಪೈ ನಾರಾಯಣ ಗುಡಿಗೆ. 16ನೇ ಶತಮಾನದ ನಡುಗಾಲದ್ದು. ಸುತ್ತ ಮನೆಗಳು, ತೆಂಗಿನ ಮರಗಳು. ದೊಡ್ಡ ಗೋಪುರ ಇಲ್ಲ. ಹಂಪಿ ನೋಡಿ ಬಂದವರು ಇದನ್ನು ನೋಡಿದರೆ ಇಷ್ಟೇನಾ ಅನ್ನಬಹುದು. ಎದುರಿಗೆ ಎತ್ತರದ ಕಲ್ಲಿನ ಕಂಬ. ಒಳಗೆ ಪುಟ್ಟ ಗುಡಿ. ಗೋಡೆಯ ಮೇಲೆ ರಾಮಾಯಣದ ಕತೆಯನ್ನು ಸಣ್ಣ ಸಣ್ಣ ಚಿತ್ರಗಳಾಗಿ ಕೆತ್ತಿದ್ದಾರೆ. ಕೆತ್ತನೆಯ ಎದುರು ತುಂಬಾ ಹೊತ್ತು ನಿಲ್ಲುವಂತಿದೆ. ಆದರೆ ನಾವು ಆ ಕೆತ್ತನೆ ನೋಡಿದ್ದು ಕೊನೆಗೆ.

ಆಚಾರ್ರು ಕೊಡೆ ಹಿಡಿದು ಹೊರಗೆ ಒಂದು ಸುತ್ತು ಹಾಕಿದರು. ನಾನು ಏನೂ ಹೇಳಿರಲಿಲ್ಲ. ಅವರು ಗೋಡೆಯ ಹತ್ತಿರ ಬಗ್ಗಿ, ಕಲ್ಲಿನ ಕೂಡಿಕೆಯನ್ನು ನೋಡುತ್ತಾ ನಿಂತರು. ಆಮೇಲೆ ಹೇಳಿದ್ದು ಒಂದೇ ಮಾತು.

"ಇದು ಮರದ ಕೆಲ್ಸ ಮಾರಾಯ್ರೆ."

ಅವರು ತೋರಿಸಿದ ಮೇಲೆ ನನಗೂ ಕಂಡಿತು. ಗುಡಿಯ ಹೊರಗೋಡೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ್ದಲ್ಲ. ಮೊದಲು ಕಲ್ಲಿನ ಕಂಬಗಳನ್ನು ನಿಲ್ಲಿಸಿದ್ದಾರೆ. ಕಂಬದಿಂದ ಕಂಬಕ್ಕೆ ತೆಳ್ಳಗಿನ ಕಲ್ಲಿನ ಪಟ್ಟಿಗಳನ್ನು ಅಡ್ಡಕ್ಕೆ ಸಾಲಾಗಿ ಕೂರಿಸಿದ್ದಾರೆ, ನಡುವೆ ಸಂದು ಬಿಟ್ಟು. ನಮ್ಮ ಹಳೇ ಮನೆಗಳ ಜಗಲಿಗೆ ಮರದ ಪಟ್ಟಿ ಹೊಡೆದು ಮರೆ ಮಾಡುತ್ತಾರಲ್ಲ, ಅದೇ ಕ್ರಮ. ಕಲ್ಲು ಭಾರ ಹೊರುವುದರಲ್ಲಿ ಗಟ್ಟಿ. ಉದ್ದಕ್ಕೆ ತೆಳ್ಳಗೆ ಸೀಳಿದರೆ ಮುರಿಯುತ್ತದೆ. ಹಾಗಾಗಿ ಕಲ್ಲಿನಲ್ಲಿ ಯೋಚಿಸುವವನು ಇಂಥ ಗೋಡೆ ಕಟ್ಟುವ ಸಾಹಸಕ್ಕೆ ಹೋಗುವುದಿಲ್ಲ. ಮರದಲ್ಲಿ ಯೋಚಿಸಿದವನೇ ಇದನ್ನು ಕಟ್ಟಬೇಕು. ಆಚಾರ್ರ ಮಾತಿನಲ್ಲಿ ಹೇಳುವುದಾದರೆ, "ಮನಸ್ಸಲ್ಲಿ ಇದ್ದದ್ದು ಮರ, ಕೈಗೆ ಸಿಕ್ಕಿದ್ದು ಕಲ್ಲು."

ಆ ಸಂದುಗಳು ಯಾಕೆ ಬೇಕು ಅನ್ನುವುದು ಒಳಗೆ ನಿಂತಾಗ ಗೊತ್ತಾಯಿತು. ಕರಾವಳಿಯಲ್ಲಿ ಮಳೆಯಷ್ಟೇ ದೊಡ್ಡ ಕಾಟ ತೇವ. ಗಾಳಿಯಾಡದ ಕೋಣೆಯಲ್ಲಿ ನಾಲ್ಕು ತಿಂಗಳು ಬೆವರು, ಬೂಸಲು, ಬಾವಲಿ ವಾಸನೆ. ಈ ಗೋಡೆ ಗಾಳಿಯನ್ನು ಬಿಡುತ್ತದೆ, ಇರಚಲನ್ನು ತಡೆಯುತ್ತದೆ. ಹೊರಗೆ ಧೋ ಎಂದು ಸುರಿಯುತ್ತಿದ್ದಾಗ ಒಳಗೆ ಪ್ರದಕ್ಷಿಣೆಯ ದಾರಿಯಲ್ಲಿ ತಣ್ಣನೆ ಗಾಳಿ ಓಡಾಡುತ್ತಿತ್ತು. ಬೆಳಕು ಗೀರು ಗೀರಾಗಿ ನೆಲದ ಮೇಲೆ ಬಿದ್ದಿತ್ತು. ಕಿಟಕಿ ಅಂತ ಬೇರೆ ಮಾಡುವ ಅಗತ್ಯವೇ ಬಂದಿಲ್ಲ. ಗೋಡೆಯೇ ಕಿಟಕಿ.

ಇನ್ನು ಮಾಡು. ನಾನು ಹೋದದ್ದೇ ಅದಕ್ಕೆ. ದೊಡ್ಡ ದೊಡ್ಡ ಕಲ್ಲಿನ ಚಪ್ಪಡಿಗಳನ್ನು ಇಳಿಜಾರಾಗಿ, ಒಂದರ ಮೇಲೊಂದು ಸ್ವಲ್ಪ ಏರಿರುವಂತೆ ಹಾಕಿದ್ದಾರೆ. ನಡುವಿನ ಗುಡಿಯ ಮಾಡು ಎತ್ತರದಲ್ಲಿ, ಸುತ್ತಿನ ಪಡಸಾಲೆಯ ಮಾಡು ಅದಕ್ಕಿಂತ ತಗ್ಗಿನಲ್ಲಿ. ಮೇಲಿನ ಮಾಡಿನ ನೀರು ಕೆಳಗಿನ ಮಾಡಿಗೆ ಬೀಳುತ್ತದೆ, ಅಲ್ಲಿಂದ ಅಂಗಳಕ್ಕೆ. ಮಳೆ ಜೋರಾದಾಗ ನೀರು ಮೆಟ್ಟಿಲಿಳಿದು ಬರುವುದನ್ನು ನೋಡಬೇಕು. ಎಲ್ಲೂ ಕಟ್ಟಿಕೊಳ್ಳುವುದಿಲ್ಲ. ನಾಲ್ಕೈದು ನೂರು ವರ್ಷ ಆ ಮಾಡು ಆ ಮಳೆಯನ್ನು ತಡೆದಿದೆ. ನಾವು ಇವತ್ತು ಹಾಕುವ ಸ್ಲ್ಯಾಬಿಗೆ ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ಸೋರುವ ತಕರಾರು. ಆಮೇಲೆ ಅದರ ಮೇಲೊಂದು ತಗಡಿನ ಮಾಡು ಹಾಕಿಸುತ್ತೇವೆ. ಶಿರಸಿ ಕುಮಟಾ ರಸ್ತೆಯಲ್ಲಿ ಎರಡೂ ಬದಿ ನೋಡಿ, ಸ್ಲ್ಯಾಬಿನ ಮನೆ ಎಷ್ಟಿವೆಯೋ ಹತ್ತಿರ ಹತ್ತಿರ ಅಷ್ಟೇ ತಗಡಿನ ಕೊಡೆಗಳಿವೆ.

ಇಲ್ಲಿ ನನಗೆ ಇನ್ನೊಂದು ವಿಷಯ ಹೊಳೆಯಿತು. ನಾವು ಕರಾವಳಿಯ ಮನೆ ಅಂದ ಕೂಡಲೇ ಕೆಂಪು ಹಂಚಿನ ಮಾಡು ಅಂತ ನೆನೆಸಿಕೊಳ್ಳುತ್ತೇವೆ. ಆದರೆ ಮಂಗಳೂರು ಹಂಚು ಬಂದದ್ದು 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ಶುರುವಾದ ಮೇಲೆ. ಭಟ್ಕಳದ ಗುಡಿಗಳು ಅದಕ್ಕಿಂತ 300 ವರ್ಷ ಹಳೆಯವು. ಆಗ ಜನರ ಮನೆಗಳಿಗೆ ಇದ್ದದ್ದು ಹುಲ್ಲು, ತೆಂಗಿನ ಗರಿ, ಅಡಿಕೆ ಸೋಗೆ, ಎಲ್ಲೋ ಕೆಲವು ಕಡೆ ಕೈಹಂಚು. ಅಂಥ ಒಂದು ಮನೆಯೂ ಉಳಿದಿಲ್ಲ, ಉಳಿಯಲು ಸಾಧ್ಯವೂ ಇಲ್ಲ. ಸೋಗೆಯನ್ನು ಒಂದೆರಡು ವರ್ಷಕ್ಕೆ ಬದಲಿಸಲೇಬೇಕು. ಆದರೆ ಆ ಮನೆಗಳ ಮಾಡಿನ ಆಕಾರ, ಸೂರಿನ ಚಾಚು, ಜಗಲಿಯ ಮರೆ, ಎರಡು ಹಂತದ ಇಳಿಜಾರು, ಇವೆಲ್ಲ ಈ ಗುಡಿಗಳಲ್ಲಿ ಕಲ್ಲಾಗಿ ಉಳಿದಿವೆ ಅನ್ನುವುದು ನನ್ನ ನಂಬಿಕೆ. ದೇವರ ಮನೆಯನ್ನು ನೋಡುತ್ತಾ ಆ ಕಾಲದ ಬಡವರ ಮನೆಯನ್ನೂ ನೋಡಬಹುದು. ಇತಿಹಾಸದ ಪುಸ್ತಕದಲ್ಲಿ ನನಗೆ ಇದು ಸಿಕ್ಕಿರಲಿಲ್ಲ. ಕೊಡೆ ಹಿಡಿದು ನಿಂತಾಗ ಸಿಕ್ಕಿತು.

ಇದಕ್ಕೆ ಎದುರು ಮಾತೂ ಉಂಟು, ಅದನ್ನು ಬಿಡಬಾರದು. ಐಹೊಳೆಯ ಲಾಡಖಾನ್ ಗುಡಿಗೂ ಇಳಿಜಾರು ಕಲ್ಲಿನ ಚಪ್ಪಡಿಯೇ. ಚಪ್ಪಡಿಗಳ ಸಂದಿಗೆ ಮರದ ದಿಮ್ಮಿಯ ಆಕಾರದ ಉದ್ದ ಕಲ್ಲುಗಳನ್ನು ಮುಚ್ಚಿದ್ದಾರೆ. ಐಹೊಳೆಯಲ್ಲಿ ನಮ್ಮಂಥ ಮಳೆ ಎಲ್ಲಿದೆ? ಹಾಗಾದರೆ ಇಳಿಜಾರಿಗೆ ಮಳೆಯೊಂದೇ ಕಾರಣ ಅಂತ ಹೇಳಲಾಗದು. ಮರದ ಕೆಲಸದಿಂದ ಕಲ್ಲಿನ ಕೆಲಸಕ್ಕೆ ಬಂದ ಅಭ್ಯಾಸ ಬಾದಾಮಿ ಚಾಲುಕ್ಯರ ಕಾಲದಲ್ಲೇ ಇತ್ತು. ಆದರೆ ಒಳನಾಡಿನಲ್ಲಿ ಆಮೇಲೆ ಆ ಕ್ರಮ ಹಿಂದೆ ಸರಿಯಿತು. ಮಟ್ಟಸ ಮಾಡು, ಎತ್ತರದ ಶಿಖರ ಬಂದವು. ಕರಾವಳಿಯಲ್ಲಿ ಮಾತ್ರ 16ನೇ ಶತಮಾನದಲ್ಲೂ ಇಳಿಜಾರನ್ನು ಬಿಡಲಿಲ್ಲ. ಬಿಟ್ಟಿದ್ದರೆ ಮಳೆ ಸುಮ್ನೆ ಇರುತ್ತಿರಲಿಲ್ಲ. 19ನೇ ಶತಮಾನದಲ್ಲಿ ಕಟ್ಟಡಗಳ ಇತಿಹಾಸ ಬರೆದ ಜೇಮ್ಸ್ ಫರ್ಗುಸನ್ ಮೂಡುಬಿದಿರೆ ಕಡೆಯ ಇಂಥ ಮಾಡುಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದ್ದ. ಅಷ್ಟು ದೂರ ಹೋಗುವುದು ಬೇಡ ಅಂತ ನನಗನಿಸುತ್ತದೆ. ಪಕ್ಕದ ತೋಟದ ಮನೆಯ ಮಾಡನ್ನು ನೋಡಿದರೆ ಉತ್ತರ ಅಲ್ಲೇ ಇದೆ.

ಕೇತಪೈ ಗುಡಿಯಿಂದ ಚಂದ್ರನಾಥೇಶ್ವರ ಬಸದಿಗೆ ಬಂದೆವು. ಇದು ದೊಡ್ಡದು. ಎದುರಿಗೆ ಮಾನಸ್ತಂಭ, ಬಸದಿಗಳ ಮುಂದೆ ನಿಲ್ಲಿಸುವ ಎತ್ತರದ ಕಲ್ಲಿನ ಕಂಬ. ಎರಡು ಕಟ್ಟಡಗಳು, ನಡುವೆ ಅವನ್ನು ಕೂಡಿಸುವ ಉದ್ದದ ಭಾಗ. ಹೆಜ್ಜೆ ಹಾಕಿ ಅಳೆದು ನಕ್ಷೆ ಬರೆಯಲು ಹೊರಟರೆ ಉದ್ದ ಮುಗಿಯುವುದೇ ಇಲ್ಲ. ಇಲ್ಲೂ ಅದೇ ಇಳಿಜಾರು ಚಪ್ಪಡಿ, ಅದೇ ಕಲ್ಲಿನ ಮರೆ. ನಾರಾಯಣನ ಗುಡಿಗೂ ತೀರ್ಥಂಕರರ ಬಸದಿಗೂ ಮಾಡಿನಲ್ಲಿ ಭೇದವಿಲ್ಲ. ಕರಾವಳಿಯ ಹಳೇ ಮಸೀದಿಗಳಿಗೂ ಇಳಿಜಾರು ಮಾಡೇ ಇತ್ತು. ಕಟ್ಟಿಸಿದವರ ದೇವರು ಬೇರೆ ಬೇರೆ. ಕಟ್ಟಿದವರ ಕಸುಬು ಒಂದೇ, ಮಳೆಯೂ ಒಂದೇ. ಈ ಊರಿನ ಬಗ್ಗೆ ಪೇಪರಿನಲ್ಲಿ ಬರುವ ಸುದ್ದಿಯನ್ನಷ್ಟೇ ಓದಿದವರು ಬಂದು ಇದನ್ನೊಮ್ಮೆ ನೋಡಬೇಕು. ಈ ಮಾತನ್ನು ನಾನು ಮನಸಾರೆ ಹೇಳುತ್ತಿದ್ದೇನೆ.

ಬಸದಿಯಲ್ಲಿ ನನಗೆ ಖುಷಿ ಕೊಟ್ಟದ್ದು ಅಲ್ಲಿನ ಖಾಲಿತನ. ಗದ್ದಲವಿಲ್ಲ, ಅಂಗಡಿಯಿಲ್ಲ. ಬೇಜಾರು ತಂದದ್ದೂ ಅದೇ. ಅಷ್ಟು ದೊಡ್ಡ ಕಟ್ಟಡದಲ್ಲಿ ಆ ಇಡೀ ಬೆಳಿಗ್ಗೆ ನಾವು ಬಿಟ್ಟರೆ ಇದ್ದದ್ದು ಕಾವಲಿನವರು ಮಾತ್ರ. ಅವರು ನಮ್ಮನ್ನು ಅನುಮಾನದಿಂದಲೇ ನೋಡಿದರು. ಆಚಾರ್ರು ಕಂಬದ ಬುಡದಲ್ಲಿ ಕೂತು ಕೂಡಿಕೆ ನೋಡುತ್ತಿದ್ದರು, ನಾನು ಪುಸ್ತಕದಲ್ಲಿ ಏನೋ ಗೀಚುತ್ತಿದ್ದೆ. ಅನುಮಾನ ಬರುವುದು ಸಹಜವೇ. ನಾವು ಬಂದ ಕಾರಣ ಹೇಳಿದ ಮೇಲೆ ಅವರೇ ಮುಂದೆ ನಿಂತು ಮಾಡಿನ ಯಾವ ಮೂಲೆಯಲ್ಲಿ ಹನಿ ಬೀಳುತ್ತದೆ, ಯಾವ ತಿಂಗಳು ಹಾವಸೆ ಕೆರೆಯುತ್ತಾರೆ ಅಂತ ತೋರಿಸಿದರು. ಕಾವಲಿನವರಿಗೆ, ಕಸ ಗುಡಿಸುವ ಅಮ್ಮಂದಿರಿಗೆ ಕಟ್ಟಡದ ಆರೋಗ್ಯ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಎಲ್ಲಿ ಹೋದರೂ ಅವರನ್ನು ಮಾತಾಡಿಸಿ. ನಮಸ್ಕಾರ ಹೇಳಿ, ಯಾವೂರು ಅಂತ ಹೇಳಿ, ಆಮೇಲೆ ಕೇಳಿ.

ಈ ಗುಡಿಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಕೇಂದ್ರದ ಕಾನೂನಿನ ಪ್ರಕಾರ ಇಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ಅನುಮತಿ ಪಡೆದು ಕಟ್ಟಬೇಕು. ಮನೆ ಕಟ್ಟಿಸುವ ಕೆಲಸದವನಾಗಿ ಇದರ ಎರಡೂ ಬದಿ ನನಗೆ ಅರ್ಥವಾಗುತ್ತದೆ. ಭಟ್ಕಳದಲ್ಲಿ ಗುಡಿಗಳು ಬಯಲಲ್ಲಿಲ್ಲ, ಮನೆಗಳ ಮಧ್ಯೆ ಇವೆ. ಅಜ್ಜನ ಕಾಲದ ಮನೆಗೆ ಒಂದು ಕೋಣೆ ಸೇರಿಸಲೂ ಪಕ್ಕದವರಿಗೆ ಕಷ್ಟ. ಹಾಗಂತ ನಿಯಮ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಆ ಕಲ್ಲಿನ ಮಾಡು ನಾಲ್ಕು ಮಹಡಿಯ ಕಟ್ಟಡಗಳ ಸಂದಿಯಲ್ಲಿ ಹೂತು ಹೋಗಿರುತ್ತಿತ್ತು. ನಿಯಮ ಇರಲಿ. ಆದರೆ ಸುತ್ತಲಿನ ಮನೆಯವರಿಗೆ ರಿಪೇರಿಯ ಅನುಮತಿ ಬೇಗ ಸಿಗಬೇಕು. ಅವರಿಗೆ ಈ ಗುಡಿ ತಲೆನೋವಾದರೆ ಅದನ್ನು ಪ್ರೀತಿಸುವವರು ಯಾರು?

ವಾಪಸ್ ಬರುವಾಗ ಹೊನ್ನಾವರದಿಂದ ಗೇರುಸೊಪ್ಪೆ, ಮಾವಿನಗುಂಡಿ, ಸಿದ್ದಾಪುರದ ದಾರಿ ಹಿಡಿದೆವು. ಗೇರುಸೊಪ್ಪೆಯ ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿ ಇದೆ, ಶರಾವತಿಯ ದಡದ ಕಾಡಿನೊಳಗೆ. ಮಳೆಗಾಲದಲ್ಲಿ ಆ ಕಡೆ ಹೋಗುವವರು ಉಂಬಳಕ್ಕೆ (ಜಿಗಣೆಗೆ) ತಯಾರಾಗಿ ಹೋಗಬೇಕು. ಕಾಲಿಗೆ ಎಣ್ಣೆ, ಸುಣ್ಣ, ಹೊಗೆಸೊಪ್ಪು, ಯಾವುದು ರೂಢಿಯೋ ಅದು. ಸಂಜೆ ಮಾಡಿಕೊಳ್ಳಬೇಡಿ.

ಚತುರ್ಮುಖ ಬಸದಿಯ ನಕ್ಷೆ ಬರೆಯುವುದು ಬಹಳ ಸುಲಭ, ಬಹಳ ಸಂತೋಷ. ನಾಲ್ಕು ದಿಕ್ಕಿಗೂ ಬಾಗಿಲು. ನಡುವೆ ನಾಲ್ಕು ದಿಕ್ಕಿಗೆ ಮುಖ ಮಾಡಿ ಕೂತ ತೀರ್ಥಂಕರರು. ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ಒಬ್ಬರು. ಮುಂದೆ ಯಾವುದು, ಹಿಂದೆ ಯಾವುದು ಅನ್ನುವ ಪ್ರಶ್ನೆಯೇ ಇಲ್ಲ. ಒಂದು ಕಾಲು ಭಾಗ ಬರೆದು ಮೂರು ಸಲ ತಿರುಗಿಸಿದರೆ ನಕ್ಷೆ ಮುಗಿಯಿತು. ಇಲ್ಲಿ ಮಾಡಿಗಿಂತ ನೆಲವನ್ನು ನೋಡಬೇಕು. ಸುತ್ತಲ ಕಾಡಿನಲ್ಲಿ ಬೇರೆ ಬಸದಿಗಳ ಅವಶೇಷಗಳಿವೆ, ಹಳೇ ಪಾಯಗಳು ಮಣ್ಣಿನಡಿ ಇವೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಚೆನ್ನಭೈರಾದೇವಿಯ ರಾಜಧಾನಿ ಇದು. 17ನೇ ಶತಮಾನದ ಮೊದಲಲ್ಲಿ ಕೆಳದಿಯ ಅರಸರ ಕೈಗೆ ಹೋಯಿತು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಹೊನ್ನಾವರದಿಂದ ದೋಣಿಯಲ್ಲಿ ಈ ಹೊಳೆಯಲ್ಲೇ ಮೇಲೆ ಬಂದ. ಹೊಳೆಯ ಚೆಂದವನ್ನು ಮನಸ್ಸು ತುಂಬಿ ಹೊಗಳಿದ. ಊರು ಆಗಲೇ ಹಾಳುಬಿದ್ದಿತ್ತು, ಮರಗಳು ಬೆಳೆದಿದ್ದವು ಅಂತ ಬರೆದ. ರಾಣಿಯ ಆಳ್ವಿಕೆ ಮುಗಿದು ಒಂದು ತಲೆಮಾರೂ ಕಳೆದಿರಲಿಲ್ಲ. ನಮ್ಮ ಮಲೆನಾಡಿನಲ್ಲಿ ಜನ ಬಿಟ್ಟ ಮನೆಯೊಳಗೆ ಎಷ್ಟು ಬೇಗ ಕಾಡು ಬರುತ್ತದೆ ಅಂತ ನಮಗೆ ಗೊತ್ತಲ್ವಾ. ಮಾಡು ಬಿದ್ದರೆ ಗೋಡೆ ಬೀಳಲು ಹೆಚ್ಚು ಮಳೆಗಾಲ ಬೇಡ. ಹಾಗಿದ್ದೂ ಬಸದಿ ನಿಂತಿದೆ.

ಹೋಗುವವರಿಗೆ ಕೆಲವು ಮಾತು. ಹಾವಸೆ ಕಟ್ಟಿದ ಕಲ್ಲಿನ ಮೇಲೆ ಓಡಾಡುವಾಗ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆಯುವುದೇ ಭದ್ರ. ಮಾಡಿನ ಮೇಲೆ, ಗೋಡೆಯ ಮೇಲೆ ಹತ್ತಬೇಡಿ. ಆ ಕಲ್ಲಿನ ಪಟ್ಟಿಗಳಿಗೆ ಒರಗಿ ನಿಲ್ಲುವುದೂ ಬೇಡ, ಅವು ತೆಳು. ಪುಸ್ತಕಕ್ಕೆ ಪ್ಲಾಸ್ಟಿಕ್ ಚೀಲ, ಬರೆಯಲು ಪೆನ್ಸಿಲ್. ಪೆನ್ನಿನ ಶಾಯಿ ಆ ತೇವಕ್ಕೆ ಹರಡುತ್ತದೆ. ಕೊಂಕಣ ರೈಲಿನಲ್ಲಿ ಬಂದರೆ ಭಟ್ಕಳ ಸ್ಟೇಷನ್ನಿನಿಂದ ಆಟೋ ಸಿಗುತ್ತದೆ. ಆಟೋದವರಿಗೆ ಎಲ್ಲ ಗುಡಿಯ ಹೆಸರೂ ಗೊತ್ತಿರುವುದಿಲ್ಲ, ಕೇರಿಯ ಹೆಸರು ಕೇಳಿಟ್ಟುಕೊಂಡು ಹೋಗಿ. ಸಾಧ್ಯವಾದರೆ ಕೈಕೆಲಸ ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಆಚಾರಿ, ಕಲ್ಲು ಕೆಲಸದವರು, ಗಾರೆಯವರು, ಯಾರಾದರೂ. ಖರ್ಚು ನೀವೇ ನೋಡಿಕೊಳ್ಳಿ, ಅವರ ಆ ದಿನದ ಸಂಬಳವನ್ನೂ ಕೊಡಿ. ಅವರು ನೋಡುವುದು ಕೆಲಸದ ಕಣ್ಣಿನಿಂದ.

ಆ ಪ್ರವಾಸ ನನ್ನ ನಕ್ಷೆಗಳಲ್ಲೂ ಸೇರಿಕೊಂಡಿದೆ. ಸಿದ್ದಾಪುರದ ಹತ್ತಿರ ಈಗ ಕಟ್ಟಿಸುತ್ತಿರುವ ಮನೆಗೆ ಸ್ಲ್ಯಾಬ್ ಬೇಡ ಅಂತ ಯಜಮಾನರನ್ನು ಒಪ್ಪಿಸಿದೆ. ನಡುಮನೆಯ ಮಾಡು ಎತ್ತರದಲ್ಲಿ, ಸುತ್ತ ಜಗಲಿಯ ಮಾಡು ತಗ್ಗಿನಲ್ಲಿ. ಎರಡರ ನಡುವೆ ಗಾಳಿಗೆ ಪಟ್ಟಿ ಹೊಡೆದ ಸಂದು. ಸೂರು ನಾಲ್ಕು ಅಡಿ ಹೊರಗೆ. ಯಜಮಾನರ ಮಗ ಬೆಂಗಳೂರಿನಿಂದ ಫೋನ್ ಮಾಡಿ, "ಇಷ್ಟೆಲ್ಲ ಸೂರು ಯಾಕೆ ಅಂಕಲ್, ಜಾಗ ಸುಮ್ನೆ ಹೋಗುತ್ತಲ್ಲ" ಅಂತ ಕೇಳಿದ. ಒಂದು ಮಳೆಗಾಲ ಜಗಲಿಯಲ್ಲಿ ಕೂತು ನೋಡು ಅಂದೆ. ಮಾಡಿನ ಕೆಲಸ ಅದೇ ಆಚಾರ್ರದ್ದು. ಪಕಾಸು (ಮಾಡಿನ ಇಳಿಜಾರು ಮರಗಳು) ಏರಿಸಿ ಆಗಿದೆ, ಹಂಚು ಕೂರಲು ಅಡ್ಡಕ್ಕೆ ರೀಪು ಹೊಡೆಯುತ್ತಿದ್ದಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮೇಲಿನ ಮಹಡಿಯಲ್ಲಿ ಇನ್ನೂ ನಿಜವಾದ ಮರದ ಕೆಲಸ ಇದೆ ಅಂತ ಅವರಿಗೆ ಹೇಳಿದ್ದೇನೆ. 1430ರ ಬಸದಿ ಅದು. ಈ ಮನೆಯ ಹಂಚು ಹೊದಿಸಿ ಮುಗಿದ ಕೂಡಲೇ ಹೊರಡೋಣ, ಮಳೆ ನಿಲ್ಲುವ ಮೊದಲು, ಅಂತ ಅವರೇ ಅವಸರ ಮಾಡುತ್ತಿದ್ದಾರೆ.